ಅಜ್ಜೀ, ನಿಮಗೆ ವಯಸ್ಸೆಷ್ಟು?

1980ನೇ ಇಸವಿಯ ಮಾತು. ನನಗಾಗ 22 ವರ್ಷ. ಟಿ.ಟಿ.ಸಿ. ಮುಗಿಸಿ ಮಾಸ್ತರಿಕೆಗೆ ಕಾಯುತ್ತಾ, ಸಂಜೆ ಹೊತ್ತು ನಮ್ಮ ಈ ವಾಚನಾಲಯದ ಬಾಗಿಲು ತೆಗೆದು ಕೂರುತ್ತಿದ್ದೆ. ಆ ವರ್ಷ ಕೇರಳ ಸರಕಾರ ಕೃಷಿ ಕಾರ್ಮಿಕರಿಗೆ ಪಿಂಚಣಿ ಯೋಜನೆ ತಂದಿತು. 60 ದಾಟಿದ ಕೂಲಿಯವರಿಗೆ ತಿಂಗಳಿಗೆ 45 ರೂಪಾಯಿ. ಸುದ್ದಿ ಹಬ್ಬಿದ ಮೇಲೆ ಪೇಪರು ಓದಲು ಬರುವವರಿಗಿಂತ ಅರ್ಜಿ ಬರೆಸಲು ಬರುವವರೇ ಹೆಚ್ಚಾದರು. ನೇಜಿ ನೆಟ್ಟು ನೆಟ್ಟು ಸೊಂಟ ಬಗ್ಗಿದ ಹೆಂಗಸರು, ತೋಟಕ್ಕೆ ಮಣ್ಣು ಹೊತ್ತ ಗಂಡಸರು. ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಕೆಳಗೇ ನಿಲ್ಲುತ್ತಿದ್ದರು. "ಮೇಲೆ ಬನ್ನಿ" ಎಂದರೂ ಹತ್ತುತ್ತಿರಲಿಲ್ಲ.

ಹೆಸರು, ಮನೆ, ವಾರ್ಡು ಬರೆಯುವುದು ಸಲೀಸು. ಪೇಚಾಟ ಸುರುವಾಗುತ್ತಿದ್ದುದು ವಯಸ್ಸಿನ ಕಾಲಂನಲ್ಲಿ. ಶಾಲೆಯ ಮೆಟ್ಟಿಲು ಹತ್ತದವರು. ಜನನದ ಕಾಗದ ಎಂಬುದನ್ನು ಕಣ್ಣಿನಲ್ಲೂ ಕಂಡವರಲ್ಲ.

"ಅಜ್ಜೀ, ನಿಮಗೆ ವಯಸ್ಸೆಷ್ಟು?"

"ಅದೆಲ್ಲ ಯಾರಿಗೆ ಗೊತ್ತು ಮಗಾ? ನೀನೇ ಒಂದು ಬರಿ."

ಅಂದಾಜಿಗೆ ಬರೆಯಲು ನನಗೆ ಹೆದರಿಕೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ದಾರಿ ತೋರಿಸಿದರು: "ಮಾರಿಬೊಳ್ಳ ನೆನಪುಂಟಾ ಅಂತ ಕೇಳು." ಬೊಳ್ಳ ಎಂದರೆ ತುಳುವಿನಲ್ಲಿ ನೆರೆ. 1923ರ ಆಗಸ್ಟ್ ತಿಂಗಳಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ಕಡೆಯೆಲ್ಲ ನೀರು ಪಾಲಾದದ್ದನ್ನು ನಮ್ಮ ಜನ ಮಾರಿಬೊಳ್ಳ ಎಂದೇ ಕರೆಯುತ್ತಾರೆ. ಈ ಅಜ್ಜಿ ಆ ಕಡೆ ಹುಟ್ಟಿ, ಮದುವೆಯಾಗಿ ನಮ್ಮ ಊರಿಗೆ ಬಂದವರು. ಕೇಳಿದ್ದೇ ತಡ, ಮುಖ ಅರಳಿತು. "ನೆನಪಿಲ್ಲದೆ! ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡೆ ಹತ್ತಿದ್ದು. ತಮ್ಮ ಅಮ್ಮನ ಸೊಂಟದಲ್ಲಿದ್ದ. ಹಟ್ಟಿಯ ಮಾಡು ತೇಲಿಕೊಂಡು ಹೋದದ್ದನ್ನು ನಾನೇ ನೋಡಿದ್ದು."

ನೆನಪುಂಟು ಎಂದ ಮೇಲೆ ನಾಲ್ಕು ವರ್ಷವಾದರೂ ಆಗಿರಬೇಕು. 1923ಕ್ಕೆ ನಾಲ್ಕು ಎಂದರೆ 1980ಕ್ಕೆ 61. ಬರೆದೆ. ಆ ತಿಂಗಳು ಹೀಗೆ ಎಷ್ಟು ಜನರ ವಯಸ್ಸನ್ನು ನಾನು ನೆರೆನೀರಿನಲ್ಲಿ ಅಳೆದೆನೋ, ಲೆಕ್ಕವಿಲ್ಲ.

ಇದು ನಮ್ಮ ಊರಿನ ಬಡತನದ ಉಪಾಯ ಎಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಕೆಲಸಕ್ಕೆ ಸೇರಿ, ಚರಿತ್ರೆಯ ಪುಸ್ತಕಗಳನ್ನು ಓದುವ ಹುಚ್ಚು ಹತ್ತಿದ ಮೇಲೆ ಗೊತ್ತಾಯಿತು, ಸಾವಿರಾರು ಮೈಲಿ ದೂರದ ಐರ್ಲೆಂಡಿನಲ್ಲೂ ಇದೇ ನಡೆದಿತ್ತು. ಬ್ರಿಟಿಷ್ ಸರಕಾರ 1908ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾಯಿದೆ ಮಾಡಿ, 1909ರ ಜನವರಿ 1ರಿಂದ ಅಂಚೆ ಕಚೇರಿಗಳಲ್ಲಿ ಹಣ ಕೊಡಲು ಸುರುಮಾಡಿತು. 70 ವರ್ಷವಾದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲ್ಲಿಂಗ್. ಐರ್ಲೆಂಡ್ ಆಗ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಎಲ್ಲರ ಜನನ ನೋಂದಣಿ ಸುರುವಾದದ್ದೇ 1864ರಲ್ಲಿ. ಹಾಗಾಗಿ 70ರ ಮುದುಕರ ಹತ್ತಿರ ಕಾಗದವಿಲ್ಲ. ಆದರೆ 1839ರ ಜನವರಿ 6ರ ರಾತ್ರಿ ಆ ದೇಶದಲ್ಲಿ ಭಾರೀ ಬಿರುಗಾಳಿ ಬೀಸಿ ಮನೆಗಳ ಮಾಡು ಹಾರಿಹೋಗಿತ್ತು. ಅದಕ್ಕೆ ದೊಡ್ಡ ಗಾಳಿಯ ರಾತ್ರಿ ಎಂದೇ ಹೆಸರು. ಆ ರಾತ್ರಿ ನೆನಪುಂಟು ಎಂದವರಿಗೆ 70 ಆಗಿದೆ ಎಂದು ಲೆಕ್ಕ. ಆ ದಿನ ನಾನು ಕೈಯಲ್ಲಿ ಆಲೂಗೆಡ್ಡೆ ಹಿಡಿದು ತಿನ್ನುವಷ್ಟು ದೊಡ್ಡವನಾಗಿದ್ದೆ ಎಂದು ಹೇಳಿ ಪಿಂಚಣಿ ಪಡೆದವರೂ ಇದ್ದರಂತೆ. ಸರಕಾರ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಮುದುಕರು ಐರ್ಲೆಂಡಿನಲ್ಲಿ ಹೊರಟರು. ಅದರಲ್ಲಿ ಸುಳ್ಳು ಎಷ್ಟು ಸತ್ಯ ಎಷ್ಟು ಎಂಬ ಜಗಳ ಬಹಳ ಕಾಲ ನಡೆಯಿತು. ನನಗೆ ಮಾತ್ರ ಅದನ್ನು ಓದಿದಾಗ ನಮ್ಮ ಜಗಲಿಯ ಅಜ್ಜಿಯೇ ಕಣ್ಣೆದುರು ಬಂದರು.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ಯೋಚನೆ ಕೂತಿತು. ಮುದುಕರು ಎಲ್ಲ ಕಾಲದಲ್ಲೂ ಇದ್ದರು. ಆದರೆ "ನಿಮಗೆ ವಯಸ್ಸೆಷ್ಟು, ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ" ಎಂದು ಮನೆಯ ಹೊರಗಿನವರು ಕೇಳುವ ಕ್ರಮ ತೀರಾ ಹೊಸದು. ಆ ಪ್ರಶ್ನೆಯ ಚರಿತ್ರೆ ನೂರಮೂವತ್ತು ನೂರನಲುವತ್ತು ವರ್ಷದ್ದು, ಅಷ್ಟೇ. ಆ ಚರಿತ್ರೆಯಲ್ಲಿ ರಾಜಧಾನಿಗಳು ಮಾಡಿದ್ದು ಸ್ವಲ್ಪ ಉಂಟು, ಸಣ್ಣ ಊರುಗಳು ಮಾಡಿದ್ದೂ ಬಹಳ ಉಂಟು. ನಮ್ಮ ಊರಿಗೆ ಅದು ಯಾಕೆ ಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಹೊರಟದ್ದು ಜರ್ಮನಿ. 1889ರಲ್ಲಿ ಬಿಸ್ಮಾರ್ಕ್ ಕಾಲದ ಕಾನೂನು ಕಾರ್ಮಿಕರಿಗೆ ವೃದ್ಧಾಪ್ಯ ವೇತನವನ್ನು ಹಕ್ಕಾಗಿ ಮಾಡಿತು. ಕಾರ್ಮಿಕನೂ ಧಣಿಯೂ ಹಣ ಕಟ್ಟಬೇಕು, ಸರಕಾರ ತನ್ನ ಪಾಲು ಸೇರಿಸಬೇಕು. ಹಣ ಸಿಗುವುದು 70 ವರ್ಷಕ್ಕೆ. ಆ ಕಾಲದ ಗಣಿ, ಕಾರ್ಖಾನೆಗಳಲ್ಲಿ ದುಡಿದು 70 ಕಾಣುವವರು ಎಷ್ಟು ಜನ? 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಈ 65 ಎಂಬ ಸಂಖ್ಯೆಯೇ ಮುಂದೆ ಎಷ್ಟೋ ದೇಶಗಳಲ್ಲಿ ಮುಪ್ಪಿನ ಗಡಿಯಾಗಿ ನಿಂತಿತು. ನಮ್ಮ ಕೇರಳದಲ್ಲಿ ಸರಕಾರಿ ನೌಕರರು 2012ರವರೆಗೆ 55ಕ್ಕೇ ಮನೆಗೆ ಹೋಗಬೇಕಿತ್ತು. ಆಮೇಲೆ 56 ಆಯಿತು. ಆ ಒಂದು ವರ್ಷ ನನಗೂ ಸಿಕ್ಕಿತು. ಮುದುಕ ಯಾರು ಎಂಬುದನ್ನು ಮೈಗಿಂತ ಮೊದಲು ಕಾಗದ ತೀರ್ಮಾನಿಸುತ್ತದೆ ಎನ್ನಲು ಇಷ್ಟು ಸಾಕು.

ಬಿಸ್ಮಾರ್ಕನ ಕಾಲಕ್ಕೆ ಮುದುಕರು ಕಡಿಮೆ, ದುಡಿಯುವವರು ಹೆಚ್ಚು. ಆಮೇಲೆ ಲೆಕ್ಕ ತಿರುಗಿತು. ಒಂದು ದೇಶಕ್ಕೆ ವಯಸ್ಸಾಗುವುದು ಎಂದರೆ ಮುದುಕರು ಹೆಚ್ಚು ಕಾಲ ಬದುಕುವುದು ಮಾತ್ರ ಅಲ್ಲ, ತೊಟ್ಟಿಲುಗಳು ಕಡಿಮೆಯಾಗುವುದೂ ಹೌದು. ಹತ್ತು ಮಕ್ಕಳಿದ್ದ ಮನೆಯಲ್ಲಿ ಒಬ್ಬ ಅಜ್ಜ ಇದ್ದರೆ ಅದು ಎಳೆಯರ ಮನೆ. ಒಂದೇ ಮಗು ಇದ್ದ ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೂ ಇದ್ದರೆ ಅದು ಹಿರಿಯರ ಮನೆ. ದೇಶಗಳ ಲೆಕ್ಕವೂ ಇದೇ.

ಇಲ್ಲಿ ಒಂದು ಮುಖ್ಯ ಸಂಗತಿ ವೇಗ. 65 ದಾಟಿದವರು ನೂರಕ್ಕೆ 7 ಜನ ಇದ್ದದ್ದು 14 ಆಗಲು ಫ್ರಾನ್ಸಿಗೆ ಸುಮಾರು 115 ವರ್ಷ ಹಿಡಿಯಿತು. ಸ್ವೀಡನ್ನಿಗೆ 85 ವರ್ಷ. ಜಪಾನಿಗೆ 24 ವರ್ಷ ಮಾತ್ರ, 1970ರಿಂದ 1994ರವರೆಗೆ. ಫ್ರಾನ್ಸಿನಲ್ಲಿ ನಾಲ್ಕು ತಲೆಮಾರು ಕಳೆದು ಆದದ್ದು ಜಪಾನಿನಲ್ಲಿ ಒಂದೇ ತಲೆಮಾರಿನ ಕಣ್ಣೆದುರು ಆಗಿಹೋಯಿತು. ಈಗ ಅಲ್ಲಿ ನೂರಕ್ಕೆ 29ರಷ್ಟು ಜನ 65 ದಾಟಿದವರು. 1963ರಲ್ಲಿ ಜಪಾನ್ ಸರಕಾರ ನೂರು ವರ್ಷ ತುಂಬಿದವರಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಗೌರವಿಸುವ ಕ್ರಮ ಇಟ್ಟುಕೊಂಡಿತು. ಆಗ ದೇಶದಲ್ಲಿ ನೂರು ದಾಟಿದವರು 153 ಮಂದಿ. 2024ಕ್ಕೆ ಅವರ ಸಂಖ್ಯೆ 95,000 ದಾಟಿತು. ಅಷ್ಟು ಬೆಳ್ಳಿ ಎಲ್ಲಿಂದ ತರುವುದು? 2016ರಿಂದ ಬಟ್ಟಲು ಬೇರೆ ಲೋಹದ್ದು, ಮೇಲೆ ಬೆಳ್ಳಿಯ ಲೇಪ. ನಗು ಬರುತ್ತದೆ, ಆದರೆ ನಗುವ ವಿಷಯ ಅಲ್ಲ. ಗೌರವ ಕೊಡುವುದು ಸುಲಭವಾಗಿದ್ದದ್ದು ಮುದುಕರು ಕಡಿಮೆ ಇದ್ದಾಗ.

ಅದೇ ಜಪಾನಿನ ಒಂದು ಹಳ್ಳಿಯ ಕಥೆಯನ್ನು ಈಗ ಹೇಳಬೇಕು. ದೇಶದ ಉತ್ತರ ಭಾಗದಲ್ಲಿ ಇವಾತೆ ಎಂಬ ಪ್ರಾಂತ. ಅಲ್ಲಿನ ಬೆಟ್ಟಗಳ ನಡುವೆ ಸಾವಾಉಚಿ ಎಂಬ ಹಳ್ಳಿ. ಚಳಿಗಾಲದಲ್ಲಿ ಆಳೆತ್ತರಕ್ಕೂ ಮೇಲೆ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿತ್ತು. ಬಡತನ. ಹುಟ್ಟಿದ ಶಿಶುಗಳು ಸಾಯುತ್ತಿದ್ದವು. ಮುದುಕರು ಕಾಯಿಲೆ ಬಿದ್ದರೆ ಮಕ್ಕಳಿಗೆ ಖರ್ಚಾಗುತ್ತದೆಂದು ಡಾಕ್ಟರ ಹತ್ತಿರ ಹೋಗುತ್ತಲೇ ಇರಲಿಲ್ಲ. 1957ರಲ್ಲಿ ಫುಕಾಸಾವಾ ಮಾಸಾಒ ಎಂಬವರು ಊರಿನ ಮುಖ್ಯಸ್ಥರಾದರು. ಅವರು ಮೊದಲು ಹಿಮ ತಳ್ಳುವ ಯಂತ್ರ ತರಿಸಿ ಚಳಿಗಾಲದಲ್ಲೂ ದಾರಿ ತೆರೆದಿರುವಂತೆ ಮಾಡಿದರು. ಬಳಿಕ 1960ರ ಡಿಸೆಂಬರಿನಲ್ಲಿ 65 ದಾಟಿದ ಎಲ್ಲರಿಗೂ ಊರಿನ ಖರ್ಚಿನಲ್ಲೇ ಚಿಕಿತ್ಸೆ ಎಂದು ಸಾರಿದರು. ಮರುವರ್ಷ ಅದನ್ನು 60ಕ್ಕೆ ಇಳಿಸಿ, ಒಂದು ವರ್ಷದೊಳಗಿನ ಶಿಶುಗಳನ್ನೂ ಸೇರಿಸಿದರು. ಇದು ಆರೋಗ್ಯ ವಿಮೆಯ ಕಾನೂನಿಗೆ ವಿರುದ್ಧ ಎಂದು ಮೇಲಿನ ಅಧಿಕಾರಿಗಳು ತಡೆದರು. ಕಾನೂನಿಗೆ ವಿರುದ್ಧ ಆಗಿರಬಹುದು, ದೇಶದ ಸಂವಿಧಾನಕ್ಕೆ ವಿರುದ್ಧ ಅಲ್ಲ ಎಂಬುದು ಅವರ ವಾದ. 1962ರಲ್ಲಿ ಆ ಊರಿನಲ್ಲಿ ಒಂದು ಶಿಶುವೂ ಸಾಯಲಿಲ್ಲ.

ಫುಕಾಸಾವಾ 1965ರಲ್ಲಿ ತೀರಿಕೊಂಡರು. ಆದರೆ ಅವರು ಹಚ್ಚಿದ ದೀಪ ಆರಲಿಲ್ಲ. 1969ರಲ್ಲಿ ಟೋಕಿಯೋ ನಗರ, 1973ರಲ್ಲಿ ಇಡೀ ಜಪಾನ್, 70 ದಾಟಿದವರಿಗೆ ಉಚಿತ ಚಿಕಿತ್ಸೆ ಕೊಡಲು ತೊಡಗಿತು. ಹಿಮದಲ್ಲಿ ಹೂತುಹೋಗಿದ್ದ ಒಂದು ಬಡ ಹಳ್ಳಿ ರಾಜಧಾನಿಗೆ ಪಾಠ ಹೇಳಿತು. ಜಪಾನಿನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯರಿಗೆ ಗೌರವ ತೋರುವ ದಿನ ಎಂದು ದೇಶಕ್ಕೇ ರಜೆ ಉಂಟು. ಅದು ಕೂಡ 1947ರಲ್ಲಿ ಹ್ಯೋಗೊ ಪ್ರಾಂತದ ಒಂದು ಸಣ್ಣ ಹಳ್ಳಿಯಲ್ಲಿ ಹಿರಿಯರನ್ನು ಸೇರಿಸಿ ಕೂರಿಸಿದ್ದರಿಂದ ಬೆಳೆದದ್ದು. 1966ರಲ್ಲಿ ರಾಷ್ಟ್ರೀಯ ರಜೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಚಿಕಿತ್ಸೆ ಉಚಿತವಾದ ಮೇಲೆ ಜಪಾನಿನ ಆಸ್ಪತ್ರೆಗಳು ಮುದುಕರಿಂದ ತುಂಬಿದವು. ಅವರಲ್ಲಿ ಎಷ್ಟೋ ಜನರಿಗೆ ಬೇಕಾಗಿದ್ದುದು ಔಷಧಿ ಅಲ್ಲ. ಮೀಯಿಸುವವರು, ಉಣ್ಣಿಸುವವರು, ರಾತ್ರಿ ಎದ್ದಾಗ ಕೈ ಹಿಡಿಯುವವರು ಬೇಕಿತ್ತು. ಮನೆಯಲ್ಲಿ ಅವರು ಇರಲಿಲ್ಲ. ಮಕ್ಕಳು ಪೇಟೆಗೆ ಹೋಗಿದ್ದರು. ಆಸ್ಪತ್ರೆಯ ಮಂಚವೇ ಮನೆಯಾಯಿತು. ಖರ್ಚು ತಾಳದೆ 1983ರಲ್ಲಿ ಪೂರ್ತಿ ಉಚಿತ ಎಂಬುದನ್ನು ನಿಲ್ಲಿಸಿದರು. 2000ದಲ್ಲಿ ಬೇರೆ ದಾರಿ ಹಿಡಿದರು: 40 ದಾಟಿದ ಪ್ರತಿಯೊಬ್ಬರೂ ಆರೈಕೆಯ ವಿಮೆಗೆ ಹಣ ಕಟ್ಟಬೇಕು. ಮುಪ್ಪಿನಲ್ಲಿ ಎಷ್ಟು ಸಹಾಯ ಬೇಕೆಂದು ಊರಿನ ಆಡಳಿತವೇ ನೋಡಿ, ಮನೆಗೆ ಸಹಾಯಕರನ್ನು ಕಳಿಸಬೇಕು. ಇಷ್ಟೆಲ್ಲ ಆದರೂ ಒಂಟಿಯಾಗಿ ಸತ್ತು, ದಿನಗಟ್ಟಲೆ ಯಾರಿಗೂ ತಿಳಿಯದೆ ಬಿದ್ದಿರುವವರ ಸುದ್ದಿ ಅಲ್ಲಿ ಇಂದಿಗೂ ಬರುತ್ತದೆ. ಔಷಧಿ ಹಣದಿಂದ ಸಿಗುತ್ತದೆ. ಆರೈಕೆಗೆ ಹಣದ ಜತೆ ಮನುಷ್ಯರು ಬೇಕು.

ಹಾಗಾದರೆ ಮನುಷ್ಯರನ್ನು ಕಾನೂನಿನಿಂದ ತರಬಹುದಾ? ಚೀನಾ ಪ್ರಯತ್ನಿಸಿತು. ಅಲ್ಲಿ 1980ರಿಂದ 2015ರವರೆಗೆ ಒಂದೇ ಮಗು ಎಂಬ ನಿಯಮ ಇತ್ತು. ಒಬ್ಬ ಮಗ, ಅವನ ತಲೆಯ ಮೇಲೆ ಅಪ್ಪ ಅಮ್ಮ, ಅವರ ಮೇಲೆ ಎರಡೂ ಕಡೆಯ ಅಜ್ಜ ಅಜ್ಜಿಯರು. ಮಕ್ಕಳು ದೂರದ ಕಾರ್ಖಾನೆಗಳಿಗೆ ಹೋದರು. 2013ರ ಜುಲೈಯಲ್ಲಿ ಜಾರಿಗೆ ಬಂದ ಕಾನೂನು, ಬೇರೆ ಇರುವ ಮಕ್ಕಳು ಹೆತ್ತವರನ್ನು ಆಗಾಗ ಬಂದು ನೋಡಬೇಕು ಎಂದು ಬರೆಯಿತು. ಆಗಾಗ ಎಂದರೆ ಎಷ್ಟು ಸಲ ಎಂದು ಬರೆಯಲಿಲ್ಲ. ಬರೆಯುವುದಾದರೂ ಹೇಗೆ? ನಮ್ಮ ದೇಶದಲ್ಲೂ 2007ರ ಕಾನೂನು ಉಂಟು. ಮಕ್ಕಳು ನೋಡಿಕೊಳ್ಳದಿದ್ದರೆ ಹೆತ್ತವರು ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಬರಹವನ್ನೇ ರದ್ದು ಮಾಡಿಸಬಹುದು. ಇದು ಒಳ್ಳೆಯ ಕಾನೂನು, ನಮ್ಮ ಜನ ತಿಳಿದಿರಬೇಕಾದದ್ದು. ಆದರೆ ಮಗನ ಮೇಲೆ ಅರ್ಜಿ ಬರೆಸಲು ಬಂದ ತಾಯಿ ಒಬ್ಬರನ್ನು ನಾನು ನೋಡಿದ್ದೇನೆ. ಎಲ್ಲ ಬರೆಸಿ, ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಕಾಗದ ಹಿಂದಕ್ಕೆ ತೆಗೆದುಕೊಂಡು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದರು. "ಅವನಿಗೆ ಊರಿನಲ್ಲಿ ಮರ್ಯಾದೆ ಹೋಗುತ್ತದೆ ಮಾಸ್ಟ್ರೇ" ಎಂದರು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕಾಸರಗೋಡಿನ ನಾವು 1956ರ ನವೆಂಬರ್ 1ರಂದು ಕೇರಳದ ಪಾಲಿಗೆ ಬಂದವರು. ಅದರ ದುಃಖ ಬೇರೆ, ಅದನ್ನು ಬೇರೆಯವರು ಬರೆದಿದ್ದಾರೆ. ಆದರೆ ಕೇರಳದ ಜತೆ ನಮಗೆ ಅದರ ಶಾಲೆ, ಆಸ್ಪತ್ರೆ, ಭೂ ಸುಧಾರಣೆ ಎಲ್ಲವೂ ಬಂತು ಎಂಬುದು ಸುಳ್ಳಲ್ಲ. ಹೆಣ್ಣುಮಕ್ಕಳು ಓದಿದರು, ಹೆತ್ತ ಮಕ್ಕಳು ಬದುಕಿದರು, ಆದ್ದರಿಂದ ಹೆಚ್ಚು ಹೆರಬೇಕಾಗಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಕೇರಳದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎರಡೇ ಮಕ್ಕಳು ಎಂಬಲ್ಲಿಗೆ ಬಂದಿತ್ತು. 2011ರ ಜನಗಣತಿಯಲ್ಲಿ 60 ದಾಟಿದವರು ಭಾರತದಲ್ಲಿ ನೂರಕ್ಕೆ 8.6, ಕೇರಳದಲ್ಲಿ 12.6. 2021ಕ್ಕೆ ಕೇರಳದಲ್ಲಿ 16.5 ಆಗಿರಬಹುದೆಂದು ಸರಕಾರಿ ಅಂದಾಜು. ದೇಶದಲ್ಲೇ ಹೆಚ್ಚು ವಯಸ್ಸಾದ ರಾಜ್ಯ ನಮ್ಮದು. ಇದು ಸೋಲಿನ ಲೆಕ್ಕ ಅಲ್ಲ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ನನ್ನ ಅಜ್ಜಿ ಹೆತ್ತ ಒಂಬತ್ತರಲ್ಲಿ ಉಳಿದದ್ದು ನಾಲ್ಕು. ಆ ಕಾಲಕ್ಕೆ ಹಿಂದಿರುಗಿ ಹೋಗಲು ಯಾರಿಗೂ ಮನಸ್ಸಿಲ್ಲ.

ಮತ್ತೆ ಕೇರಳಕ್ಕೂ ಒಂದು ಸಾವಾಉಚಿಯಂಥ ಕಥೆ ಉಂಟು. 1993ರಲ್ಲಿ ಕೋಝಿಕ್ಕೋಡು ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜತೆಗಾರರು, ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಲೆಂದು ಒಂದು ಸಂಘ ಕಟ್ಟಿದರು. ಬೇಗನೆ ಅವರಿಗೆ ತಿಳಿಯಿತು, ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರಲಾರರು, ನಾವೇ ಅವರ ಮನೆಗೆ ಹೋಗಬೇಕು. ಅಷ್ಟು ಡಾಕ್ಟರರು ಎಲ್ಲಿ? ಊರಿನವರಿಗೇ ಹೇಳಿಕೊಟ್ಟರು. ಮಲಪ್ಪುರಂ ಜಿಲ್ಲೆಯಲ್ಲಿ ಅಂಗಡಿಯವರು, ಕಾಲೇಜು ಮಕ್ಕಳು, ಗೃಹಿಣಿಯರು ವಾರಕ್ಕೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ನೆರೆಮನೆಯ ರೋಗಿಗಳನ್ನು ನೋಡುವ ಕ್ರಮ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಅದನ್ನು ತನ್ನ ನೀತಿಯಾಗಿ ಮಾಡಿಕೊಂಡಿತು. ಭಾರತದಲ್ಲಿ ಇಂಥ ನೀತಿ ಮಾಡಿದ ಮೊದಲ ರಾಜ್ಯ ಇದೇ. ಇಂದು ನಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೀಪಿನಲ್ಲಿ ಗುಡ್ಡೆ ಹತ್ತಿ ಬರುವುದು ಆ ನೆರೆಯವರು ಹಾಕಿದ ದಾರಿಯಲ್ಲಿ. ಪಿಂಚಣಿಯೂ ಬೆಳೆಯಿತು. 45 ರೂಪಾಯಿ ಇದ್ದದ್ದು 2021ಕ್ಕೆ 1,600 ಆಯಿತು. ನಡೆಯಲಾರದವರಿಗೆ ಸಹಕಾರಿ ಸಂಘದವರು ಮನೆಗೇ ತಂದುಕೊಡುತ್ತಾರೆ.

ಇಷ್ಟು ಇದ್ದ ಮೇಲೆ ನಮಗೆ ಎಂತ ಕೊರತೆ ಎಂದು ಕೇಳಬಹುದು. ಮೂರು ಮಾತು ಹೇಳುತ್ತೇನೆ.

ಒಂದು, ಭಾಷೆ. ಹೋದ ವರ್ಷ ಮೇಲಿನ ಗುಡ್ಡೆಯ ಒಬ್ಬ ಅಜ್ಜಿಯ ಮನೆಗೆ ನರ್ಸಿನ ಜತೆ ಹೋಗಿದ್ದೆ. ನರ್ಸ್ ತೆಂಕಣ ಜಿಲ್ಲೆಯವರು, ಬಂಗಾರದಂಥ ಮನುಷ್ಯೆ. "ವೇದನ ಉಂಡೋ?" ಎಂದು ಕೇಳಿದರು. ಅಜ್ಜಿ "ಉಂಡು" ಎಂದರು. ಉಂಡು ಎಂಬುದು ಮಲೆಯಾಳಕ್ಕೂ ತುಳುವಿಗೂ ಒಂದೇ. "ಎವಿಡೆ?" ಎಂದು ಕೇಳಿದರು. ಅಜ್ಜಿ ಮತ್ತೂ "ಉಂಡು" ಎಂದರು. ಎಲ್ಲಿ ಎಂದು ಕೇಳಿದ್ದು ಅವರಿಗೆ ತಿಳಿಯಲಿಲ್ಲ. ನೋವು ಉಂಟು ಎಂದು ಹೇಳಲಿಕ್ಕೆ ಆಯಿತು, ಎಲ್ಲಿ ಎಂದು ಹೇಳಲಿಕ್ಕೆ ಆಗಲಿಲ್ಲ. ನಾನು ನಡುವೆ ಬಾಯಿ ಹಾಕಿದ ಮೇಲೆ ಗೊತ್ತಾಯಿತು, ಹಿಂದಿನ ದಿನ ಜಾರಿಬಿದ್ದು ಎಡಗಡೆಯ ಪಕ್ಕೆಲುಬಿಗೆ ಪೆಟ್ಟಾಗಿತ್ತು. 1969ರ ಕೇರಳದ ಆಡಳಿತ ಭಾಷೆಯ ಕಾನೂನು ಕನ್ನಡಿಗರಿಗೆ ತಮ್ಮ ಭಾಷೆಯಲ್ಲೇ ಸರಕಾರದ ಜತೆ ವ್ಯವಹರಿಸುವ ಅವಕಾಶ ಕೊಟ್ಟಿದೆ. ಕಾಗದದಲ್ಲಿ ಉಂಟು. ಆದರೆ ನೋವು ಕಾಗದದಲ್ಲಿ ಮಾತಾಡುವುದಿಲ್ಲವಲ್ಲ. ಮೊದಲಾದರೆ ಮನೆಯ ಮಕ್ಕಳು ನಡುವೆ ನಿಂತು ಹೇಳುತ್ತಿದ್ದರು. ಆ ಮಕ್ಕಳು ಈಗ ಮಂಗಳೂರು, ಬೆಂಗಳೂರು, ದುಬೈಯಲ್ಲಿ. ಮಲೆಯಾಳ ಬಲ್ಲ ಎಳೆಯರು ಹೊರಗೆ ಹೋದರು, ಮಲೆಯಾಳ ಬಾರದ ಹಿರಿಯರು ಒಳಗೆ ಉಳಿದರು. ಗಡಿಯಲ್ಲಿ ಮುದುಕರಾಗುವುದು ಎರಡು ಸಲ ಒಂಟಿಯಾದಂತೆ.

ಎರಡು, ಆರೈಕೆ ಮಾಡುವವರೇ ಮುದುಕರಾಗಿರುವುದು. ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಊರುಗಳ ಎಷ್ಟೋ ಮನೆಗಳಲ್ಲಿ 70ರ ತಾಯಿ 35ರ ಮಗನಿಗೆ ಅನ್ನ ಉಣ್ಣಿಸುತ್ತಾಳೆ. ಜಪಾನಿನಲ್ಲಿ, ಜರ್ಮನಿಯಲ್ಲಿ ಮುದುಕರು ತಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಈ ತಾಯಂದಿರು ತಮ್ಮ ಬಗ್ಗೆ ಕೇಳುವುದಿಲ್ಲ. ನಾನು ಹೋದ ಮೇಲೆ ಇವನಿಗೆ ಯಾರು, ಅಷ್ಟೇ ಅವರ ಪ್ರಶ್ನೆ. ಹಿರಿಯರ ಯೋಜನೆ, ಅಂಗವಿಕಲರ ಯೋಜನೆ ಎಂದು ಸರಕಾರ ಎರಡು ಫೈಲು ಮಾಡುತ್ತದೆ. ಈ ಮನೆಗಳಲ್ಲಿ ಎರಡೂ ಒಂದೇ ಚಾಪೆಯ ಮೇಲೆ ಮಲಗಿರುತ್ತವೆ.

ಮೂರು, ಶಾಲೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕನ್ನಡ ಶಾಲೆಯ ಒಂದನೇ ತರಗತಿಯಲ್ಲಿ ಮಕ್ಕಳಿಗೆ ಕೂರಲು ಬೆಂಚು ಸಾಲುತ್ತಿರಲಿಲ್ಲ. ನಿವೃತ್ತನಾಗುವಾಗ ಹಿಂದಿನ ಬೆಂಚುಗಳು ಖಾಲಿ. ಇಂಗ್ಲಿಷ್ ಶಾಲೆಗೆ ಹೋದದ್ದೂ ಕಾರಣ, ಹುಟ್ಟುವ ಮಕ್ಕಳೇ ಕಡಿಮೆಯಾದದ್ದೂ ಕಾರಣ. ಜಪಾನಿನ ಶಿಕೋಕು ದ್ವೀಪದಲ್ಲಿ ನಾಗೊರೊ ಎಂಬ ಹಳ್ಳಿ ಉಂಟು. ಮಕ್ಕಳಿಲ್ಲದೆ 2012ರಲ್ಲಿ ಅಲ್ಲಿನ ಶಾಲೆ ಮುಚ್ಚಿತು. ಊರಿನ ಒಬ್ಬ ಹೆಂಗಸು ಬಟ್ಟೆ, ಹುಲ್ಲು ತುಂಬಿಸಿ ಆಳೆತ್ತರದ ಗೊಂಬೆಗಳನ್ನು ಮಾಡಿ, ಮಕ್ಕಳ ಗೊಂಬೆಗಳನ್ನು ತರಗತಿಯಲ್ಲಿ ಕೂರಿಸಿದರು. ಅದನ್ನು ನೋಡಲು ಹೊರಗಿನಿಂದ ಜನ ಬರುತ್ತಾರಂತೆ. ನಮ್ಮ ಬೆದರುಬೊಂಬೆ ಗದ್ದೆಯಲ್ಲೇ ಇರಲಿ ಎಂದು ನನ್ನ ಪ್ರಾರ್ಥನೆ.

ಈ ಮೂರಕ್ಕೂ ನಮ್ಮ ವಾಚನಾಲಯದ ಹತ್ತಿರ ಮದ್ದಿಲ್ಲ. ಒಂದು ಪುಸ್ತಕ ಮಾತ್ರ ಇಟ್ಟಿದ್ದೇವೆ, ಅಂಗಡಿಯಲ್ಲಿ ಸಿಗುವ ಗೀರುಹಾಕಿದ ಉದ್ದ ಪುಸ್ತಕ. ಅದರಲ್ಲಿ ನಮ್ಮ ವಾರ್ಡಿನ 70 ದಾಟಿದವರ ಹೆಸರು. ಹೆಸರಿನ ಮುಂದೆ ನಾಲ್ಕು ಸಂಗತಿ: ಮನೆಯಲ್ಲಿ ಜತೆಗೆ ಯಾರಿದ್ದಾರೆ, ಮಾತಾಡುವ ಭಾಷೆ ಯಾವುದು, ತೆಗೆದುಕೊಳ್ಳುವ ಮಾತ್ರೆ ಯಾವುದು, ರಾತ್ರಿ ಹೊತ್ತು ಕರೆಯಬೇಕಾದ ನೆರೆಯವರು ಯಾರು. ಬರೆಯುತ್ತಾ ಹೋದಾಗ ಮೂರು ಪುಟ ತುಂಬಿತು. ನಮ್ಮ ಗುಡ್ಡೆಯಲ್ಲಿ ಇಷ್ಟು ಹಿರಿಯರು ಇದ್ದಾರೆಂದು ನನಗೇ ಗೊತ್ತಿರಲಿಲ್ಲ. ನರ್ಸ್ ಬರುವ ದಿನ ವಾಚನಾಲಯದ ಒಬ್ಬರು ಜತೆಗೆ ಹೋಗಿ ಮಾತು ದಾಟಿಸುತ್ತಾರೆ. ಮಸ್ಟರಿಂಗ್ ಬಂದಾಗ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಮನೆಯಿಂದ ಹೊರಡಲಾಗದವರಿಗೆ ವಾರಕ್ಕೊಮ್ಮೆ ಪೇಪರು ಓದಿ ಹೇಳುತ್ತಾರೆ. ಹೈಸ್ಕೂಲಿನ ಮಕ್ಕಳು ಹೋದರೆ ಅಜ್ಜಿಯರು ಪೇಪರು ಕೇಳುವುದಕ್ಕಿಂತ ತಾವೇ ಕಥೆ ಹೇಳುವುದು ಹೆಚ್ಚು. ಅದೂ ಆಗಲಿ. ಈ ಸಂಕಲನ ಓದುವ ಮಾಸ್ತರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಊರಿನಲ್ಲೂ ಇಂಥ ಒಂದು ಪುಸ್ತಕ ತೆರೆಯಿರಿ. ಸಾವಾಉಚಿಯವರ ಹತ್ತಿರ ಕೂಡ ಸುರುವಿಗೆ ದೊಡ್ಡದು ಏನೂ ಇರಲಿಲ್ಲ. ತಮ್ಮವರು ಯಾರು ಎಂಬುದು ಗೊತ್ತಿತ್ತು.

1980ರಲ್ಲಿ ನಾನು ಅರ್ಜಿ ಬರೆದ ಆ ಅಜ್ಜಿಗೆ ಪಿಂಚಣಿ ಮಂಜೂರಾಯಿತು. ಮೊದಲ ಮನಿಯಾರ್ಡರು ಬಂದ ದಿನ ಒಂದು ಕಟ್ಟು ವೀಳ್ಯದೆಲೆ ತಂದು ಜಗಲಿಯ ಮೇಲೆ ಇಟ್ಟು, ಏನೂ ಹೇಳದೆ ಹೋದರು. ಅವತ್ತೂ ಮೆಟ್ಟಿಲು ಹತ್ತಲಿಲ್ಲ. ಬಲವಂತ ಮಾಡಿಯಾದರೂ ಒಳಗೆ ಕರೆದು ಕೂರಿಸಬೇಕಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ನನಗೂ ಈಗ 67. ಮೊನ್ನೆ ಜೀವನ ಪ್ರಮಾಣ ಕೊಡಲು ಹೋದಾಗ ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಹುಟ್ಟಿದ ತಾರೀಕು ಕೇಳಿದಳು. ಶಾಲೆಯ ಸರ್ಟಿಫಿಕೇಟಿನಲ್ಲಿ ಇರುವುದನ್ನು ಹೇಳಿದೆ, ಜೂನ್ 1. ಅದು ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು ತಾವೇ ಹಾಕಿದ ತಾರೀಕು. ನಮ್ಮ ತರಗತಿಯ ಮುಕ್ಕಾಲು ಪಾಲು ಮಕ್ಕಳು ಜೂನ್ 1ಕ್ಕೇ ಹುಟ್ಟಿದವರು. ನನ್ನ ಅಮ್ಮ ಹೇಳುತ್ತಿದ್ದ ಲೆಕ್ಕ ಬೇರೆ: "ಕಾಸರಗೋಡು ಕೇರಳಕ್ಕೆ ಹೋದ ಮೇಲಿನ ಎರಡನೇ ಮಳೆಗಾಲ, ನೇಜಿ ನೆಟ್ಟು ಮುಗಿದಿತ್ತು, ನೀನು ಹುಟ್ಟಿದೆ." ಹುಡುಗಿಗೆ ಅದನ್ನೂ ಹೇಳೋಣ ಎಂದು ಬಾಯಿಗೆ ಬಂದಿತ್ತು. ಹಿಂದೆ ಸಾಲು ಉದ್ದ ಇತ್ತು, ಎದ್ದು ಬಂದೆ.